ಸೆಕೆಯಲ್ಲಿ ಬಿತ್ತಿ ಚಳಿಯಲ್ಲಿ ಕೊಯ್ಯುವ ತೋಟ: ಎಡವಿದ್ದು ಎಲ್ಲಿ ಅಂತ ಹುಡುಕುವ ಬಗೆ

ಒಂದು ವರ್ಷ ನನ್ನ ಹನ್ನೆರಡು ಹೂಕೋಸು ಗಿಡಗಳೂ ನಿಂಬೆಹಣ್ಣಿನಷ್ಟು ಹೂ ಬಿಟ್ಟು ಸುಮ್ಮನಾದವು. ಗೊಬ್ಬರ ಸಾಲಲಿಲ್ಲ ಅಂದುಕೊಂಡು ಗೊಬ್ಬರ ಹಾಕಿದೆ. ಹುಳದ ಕೆಲಸ ಇರಬಹುದು ಅಂತ ಬೇವಿನೆಣ್ಣೆ ಹೊಡೆದೆ. ಕೊನೆಗೆ ಬೀಜ ಕೊಟ್ಟವರನ್ನು ಮನಸ್ಸಿನಲ್ಲೇ ಬೈದುಕೊಂಡೆ. ಡೈರಿ ತೆಗೆದು ನೋಡಿದಾಗ ವಿಷಯ ಗೊತ್ತಾಯಿತು. ಮಡಿ ಖಾಲಿಯಾಗಲಿ ಅಂತ ಸಸಿಗಳನ್ನು ಎಂಟು ವಾರ ಟ್ರೇಯಲ್ಲೇ ಕೂರಿಸಿದ್ದೆ. ತಪ್ಪು ನಡೆದು ಎರಡು ತಿಂಗಳಾಗಿತ್ತು, ನಾನು ಮದ್ದು ಹುಡುಕುತ್ತಿದ್ದದ್ದು ಇವತ್ತಿನ ಎಲೆಯ ಮೇಲೆ.

ಶರತ್ಕಾಲದ ತೋಟದ ಕಷ್ಟವೇ ಇದು. ತೊಂದರೆ ಕಾಣುವ ದಿನ ಬೇರೆ, ಅದು ಹುಟ್ಟಿದ ದಿನ ಬೇರೆ. ಚಳಿ ಕಳೆದು ಬಿಸಿಲೇರುವ ಕಾಲದಲ್ಲಿ ಬಿತ್ತಿದರೆ ಹಗಲು ಉದ್ದವಾಗುತ್ತಾ ಹೋಗುತ್ತದೆ, ಸಣ್ಣಪುಟ್ಟ ತಪ್ಪನ್ನು ಗಿಡ ತಾನೇ ಸರಿಮಾಡಿಕೊಳ್ಳುತ್ತದೆ. ಇಲ್ಲಿ ಉಲ್ಟಾ. ಪ್ರತಿ ವಾರ ಬೆಳಕು ಕಮ್ಮಿ, ಬಿಸಿ ಕಮ್ಮಿ. ಹಿಂದೆ ಬಿದ್ದ ಗಿಡ ಮತ್ತೆ ಮುಂದೆ ಬರುವುದು ಅಪರೂಪ. ಹಾಗಾಗಿ ಕೆಳಗೆ ಒಂದೊಂದು ಲಕ್ಷಣ ಹೇಳುವಾಗಲೂ, ಎಷ್ಟು ದಿನ ಹಿಂದಕ್ಕೆ ಹೋಗಿ ಹುಡುಕಬೇಕು ಅನ್ನುವುದನ್ನೂ ಹೇಳುತ್ತೇನೆ.

ಔಷಧಿ ಬಾಟಲಿಗೆ ಕೈಹಾಕುವ ಮುಂಚೆ

ಮಡಿಯ ಪಕ್ಕ ಐದು ನಿಮಿಷ ಕುಕ್ಕರಗಾಲಲ್ಲಿ ಕೂರಿ. ತೊಂದರೆ ಎಲ್ಲ ಗಿಡಕ್ಕೂ ಒಂದೇ ಸಮ ಬಂದಿದೆಯಾ, ಅಲ್ಲೊಂದು ಇಲ್ಲೊಂದು ಬಂದಿದೆಯಾ ನೋಡಿ. ಇಡೀ ಮಡಿ ಒಂದೇ ಥರ ಸೊರಗಿದ್ದರೆ ಕಾರಣ ಹವೆ, ಬೆಳಕು, ಮಣ್ಣು, ನೀರು, ಇಲ್ಲವೇ ಬಿತ್ತಿದ ದಿನ. ಒಂದು ಗಿಡದಿಂದ ಶುರುವಾಗಿ ಅಕ್ಕಪಕ್ಕಕ್ಕೆ ಹಬ್ಬುತ್ತಿದ್ದರೆ ರೋಗ ಅಥವಾ ಹುಳ. ಮಡಿಯ ಒಂದು ಅಂಚು ಮಾತ್ರ ಕುಳ್ಳಾಗಿದ್ದರೆ ತಲೆ ಎತ್ತಿ ನೋಡಿ, ಯಾವುದೋ ನೆರಳು ಬೀಳುತ್ತಿರುತ್ತದೆ. ಕೋಸಿನ ಜಾತಿಯ ಗಿಡಗಳಿಗೆ ಮಾತ್ರ ಬಂದು, ಪಕ್ಕದ ಪಾಲಕ್ ನಗುನಗುತ್ತಾ ಇದ್ದರೆ ಅದು ಆ ಜಾತಿಯನ್ನೇ ಹುಡುಕಿ ಬರುವ ಶತ್ರು.

ಆಮೇಲೆ ಬೆರಳನ್ನು ಮಣ್ಣಿಗೆ 5 ಸೆಂಟಿಮೀಟರ್ ಇಳಿಸಿ. ಮೇಲಿನ ಮಣ್ಣು ಒಣಗಿದಂತೆ ಕಂಡರೂ ಒಳಗೆ ಒದ್ದೆ ಇರುವುದು ಈ ಕಾಲದಲ್ಲಿ ಮಾಮೂಲು. ಎಲೆ ತಿರುಗಿಸಿ ಅಡಿಭಾಗ ನೋಡಿ. ಕೊನೆಯದು, ಬಿತ್ತಿದ ತಾರೀಖು. ಬರೆದಿಟ್ಟಿಲ್ಲವಾ? ಹೆಚ್ಚಿನವರು ಬರೆದಿಡುವುದಿಲ್ಲ. ಫೋನಿನಲ್ಲಿ ತೆಗೆದ ಫೋಟೋಗಳಲ್ಲಿ ಹುಡುಕಿ, ಸಿಕ್ಕೇ ಸಿಗುತ್ತದೆ.

ಬೀಜ ಮೊಳೆಯಲೇ ಇಲ್ಲ

ಬೀಜ ಹಳೆಯದು ಅಂತ ತೀರ್ಪು ಕೊಡಲು ಅವಸರ ಬೇಡ. ಸೆಕೆಯಲ್ಲಿ ಬಿತ್ತಿದ ಬೀಜ ಎಷ್ಟೋ ಸಲ ಸತ್ತಿರುವುದಿಲ್ಲ, ಮಲಗಿರುತ್ತದೆ. ಲೆಟ್ಯೂಸ್ ಇದರಲ್ಲಿ ಎಲ್ಲಕ್ಕಿಂತ ಹಟಮಾರಿ. ಮಣ್ಣಿನ ಬಿಸಿ 27–30 ಡಿಗ್ರಿ ದಾಟಿದರೆ ಎಷ್ಟೋ ತಳಿಗಳು ಕಣ್ಣೇ ಬಿಡುವುದಿಲ್ಲ. ಪಾಲಕ್ ಕೂಡ ಹಾಗೇ, 30ರ ಆಸುಪಾಸು ಬಂದರೆ ನೂರಕ್ಕೆ ಕೆಲವೇ ಮೊಳೆಯುತ್ತವೆ. ಇಲ್ಲಿ ಲೆಕ್ಕಕ್ಕೆ ಬರುವುದು ಗಾಳಿಯ ಬಿಸಿಯಲ್ಲ, ಮಣ್ಣಿನದು. ಮಧ್ಯಾಹ್ನ ಮೂರು ಗಂಟೆಗೆ ಬರಿಮಣ್ಣಿನ ಮೇಲೆ ಅಂಗೈ ಇಟ್ಟು ನೋಡಿ. ಹಿತವಾಗಿಲ್ಲದಿದ್ದರೆ ಬೀಜಕ್ಕೂ ಹಿತವಾಗಿಲ್ಲ.

ಬೀಜದ ತಪ್ಪಾ, ಮಣ್ಣಿನ ತಪ್ಪಾ ಅಂತ ಬೇರ್ಪಡಿಸುವುದು ಸುಲಭ. ಅದೇ ಪೊಟ್ಟಣದ 10 ಬೀಜವನ್ನು ಒದ್ದೆ ಕಾಗದದ ಕರವಸ್ತ್ರದಲ್ಲಿ ಸುತ್ತಿ, ಡಬ್ಬಿಯಲ್ಲಿ ಹಾಕಿ, ಮನೆಯ ತಂಪು ಮೂಲೆಯಲ್ಲಿಡಿ. ಏಳೆಂಟು ಮೊಳೆತರೆ ಬೀಜ ಚೆನ್ನಾಗಿದೆ, ನಿಮ್ಮ ಮಡಿ ಬಿಸಿಯಾಗಿತ್ತು. ಎರಡೋ ಮೂರೋ ಮೊಳೆತರೆ ಬೀಜವೇ ಸೋತಿದೆ. ಈರುಳ್ಳಿ ಬೀಜಕ್ಕೆ ಆಯಸ್ಸು ಕಮ್ಮಿ, ಒಂದು ವರ್ಷ ದಾಟಿದ್ದನ್ನು ನಾನಂತೂ ನಂಬುವುದಿಲ್ಲ. ಕೋಸಿನ ಬೀಜವನ್ನು ಒಣಗಿದ ತಂಪು ಜಾಗದಲ್ಲಿಟ್ಟರೆ ಮೂರು ನಾಲ್ಕು ವರ್ಷ ಬಾಳುತ್ತದೆ.

ಮಣ್ಣಿನ ಬಿಸಿ ಅಂತ ಖಾತ್ರಿಯಾದರೆ ಸಂಜೆ ಬಿತ್ತಿ, ಬಿತ್ತುವ ಮುಂಚೆ ಸಾಲಿಗೆ ನೀರು ಬಿಡಿ, ಮೇಲೆ ಶೇಡ್ ನೆಟ್ ಎಳೆಯಿರಿ. ಲೆಟ್ಯೂಸ್ ಬೀಜವನ್ನು ಮಾತ್ರ ಆಳಕ್ಕೆ ಹೂಳಬೇಡಿ, ಅದಕ್ಕೆ ಬೆಳಕು ತಾಕಬೇಕು. ಒದ್ದೆ ಬಟ್ಟೆಯಲ್ಲಿ ಸುತ್ತಿ ಒಂದೆರಡು ದಿನ ಫ್ರಿಜ್ಜಿನಲ್ಲಿಟ್ಟು ಬಿತ್ತಿದರೆ ಅದು ಮಾತು ಕೇಳುತ್ತದೆ.

ಕ್ಯಾರೆಟ್ಟಿನ ಕತೆ ಬೇರೆ. ಅದು ಬಿಸಿಗೆ ಅಷ್ಟು ಹೆದರುವುದಿಲ್ಲ, ಆದರೆ ಮೊಳೆಯಲು ಒಂದರಿಂದ ಮೂರು ವಾರ ತೆಗೆದುಕೊಳ್ಳುತ್ತದೆ. ಅಷ್ಟೂ ದಿನ ಮೇಲಿನ ಒಂದು ಸೆಂಟಿಮೀಟರ್ ಮಣ್ಣು ಒದ್ದೆ ಇರಬೇಕು. ಒಂದೇ ಒಂದು ಮಧ್ಯಾಹ್ನ ಒಣಗಿದರೂ ಮೊಳಕೆ ಒಳಗೇ ಸುಟ್ಟುಹೋಗುತ್ತದೆ. ನೀರು ಹಾಕಿ ಹಾಕಿ ಮೇಲ್ಮಣ್ಣು ಹಪ್ಪಳಗಟ್ಟಿದರೂ ಹಾಗೇ, ಮೊಳಕೆಗೆ ಅದನ್ನು ಎತ್ತುವ ಶಕ್ತಿಯಿಲ್ಲ. ಸಾಲಿನ ಮೇಲೆ ಒದ್ದೆ ಗೋಣಿತಾಟು ಹಾಸಿ. ಐದನೇ ದಿನದಿಂದ ದಿನಾ ಎತ್ತಿ ನೋಡಿ, ಮೊದಲ ಹಸಿರು ಕಂಡ ಸಂಜೆಯೇ ತೆಗೆದುಬಿಡಿ. ಒಂದು ದಿನ ಮರೆತರೂ ಮೊಳಕೆಗಳು ಗೋಣಿಯ ನೂಲಿಗೆ ಸಿಕ್ಕಿಕೊಂಡು ಕಿತ್ತುಬರುತ್ತವೆ. ಅನುಭವದಿಂದ ಹೇಳುತ್ತಿದ್ದೇನೆ.

ಮೊಳೆತವು, ಆಮೇಲೆ ಮಲಗಿದವು

ಬಿದ್ದ ಸಸಿಯನ್ನು ಕೈಗೆತ್ತಿಕೊಂಡು ಬುಡ ನೋಡಿ. ಮಣ್ಣಿಗೆ ತಾಗುವ ಜಾಗದಲ್ಲಿ ಕಾಂಡ ನೂಲಿನಂತೆ ಸಣ್ಣಗಾಗಿ ನೀರು ಹಿಡಿದಂತಿದ್ದರೆ ಅದು ಸಸಿ ಕೊಳೆ ರೋಗ. ಪಿಥಿಯಂ, ರೈಜೊಕ್ಟೋನಿಯಾದಂಥ ಶಿಲೀಂಧ್ರಗಳ ಮತ್ತು ಶಿಲೀಂಧ್ರದ ಥರದ ಜೀವಿಗಳ ಕೆಲಸ. ಬಿದ್ದದ್ದನ್ನು ಎಬ್ಬಿಸಲು ಆಗುವುದಿಲ್ಲ. ಉಳಿದವನ್ನು ಉಳಿಸಲು ನೀರು ಕಮ್ಮಿ ಮಾಡಿ, ಗಾಳಿ ಆಡಲು ಬಿಡಿ, ಒತ್ತಾಗಿದ್ದರೆ ಕಿತ್ತು ತೆಳ್ಳಗೆ ಮಾಡಿ. ಹಿಂದಕ್ಕೆ ಹೋಗಿ ಹುಡುಕಿದರೆ ಹೆಚ್ಚಾಗಿ ಸಿಗುವುದು ಎರಡೇ: ಹಳೇ ಟ್ರೇಯ ಹಳೇ ಮಣ್ಣನ್ನು ಹಾಗೇ ಬಳಸಿದ್ದು, ಸಂಜೆ ನೀರು ಹಾಕಿ ರಾತ್ರಿಯಿಡೀ ಒದ್ದೆ ಬಿಟ್ಟದ್ದು.

ಬುಡ ಕತ್ತರಿಯಲ್ಲಿ ಕತ್ತರಿಸಿದಂತಿದ್ದು, ಸಸಿ ಹಸಿರಾಗೇ ಪಕ್ಕದಲ್ಲಿ ಬಿದ್ದಿದ್ದರೆ ರೋಗವಲ್ಲ, ಕಾಂಡ ಕತ್ತರಿಸುವ ಹುಳು. ಸಸಿಯ ಸುತ್ತ ಎರಡು ಬೆರಳು ಆಳ ಮಣ್ಣು ಕೆದಕಿ. ಬೂದುಬಣ್ಣದ ದಪ್ಪ ಹುಳ ಚಕ್ಕುಲಿಯಂತೆ ಸುರುಳಿ ಸುತ್ತಿಕೊಂಡು ಮಲಗಿರುತ್ತದೆ. ಉಳಿದ ಸಸಿಗಳ ಬುಡಕ್ಕೆ ರಟ್ಟಿನ ಕೊಳವೆ ತೊಡಿಸಿ, ಅರ್ಧ ಮಣ್ಣಿನೊಳಗೆ ಇರಲಿ.

ಸಸಿ ಉದ್ದಕ್ಕೆ ಬೆಳೆದು, ಬಿಳಿಚಿಕೊಂಡು, ತನ್ನ ಭಾರಕ್ಕೇ ಬಾಗಿದರೆ ಬೆಳಕು ಸಾಲದು, ಅಷ್ಟೇ.

ಮೇಲೆ ಸೊಪ್ಪಿನ ಸಂಭ್ರಮ, ಕೆಳಗೆ ಗೆಡ್ಡೆಯೇ ಇಲ್ಲ

ಮೂಲಂಗಿಯಲ್ಲಿ ಇದು ಜಾಸ್ತಿ. ಸಣ್ಣ ಕೆಂಪು ಮೂಲಂಗಿ 25–30 ದಿನಕ್ಕೆ ಕೀಳುವಂತಾಗಬೇಕು. 40 ದಿನವಾದರೂ ಬೇರು ಇಲಿ ಬಾಲದಂತಿದ್ದರೆ ಮೊದಲು ಅಂತರ ಅಳೆಯಿರಿ. ಗಿಡದಿಂದ ಗಿಡಕ್ಕೆ 5 ಸೆಂಟಿಮೀಟರ್ ಇಲ್ಲದಿದ್ದರೆ ಉತ್ತರ ಸಿಕ್ಕಿತು. ಸಸಿ ಕೀಳಲು ಮನಸ್ಸು ಬರುವುದಿಲ್ಲ, ನಿಜ. ಆದರೆ ಮೊಳೆತ ಹತ್ತು ದಿನದೊಳಗೆ ಕೀಳದೆ ಉಳಿಸಿದ ಪ್ರತಿಯೊಂದು ಸಸಿಯೂ ಪಕ್ಕದ ಎರಡರ ಗೆಡ್ಡೆ ತಿನ್ನುತ್ತದೆ. ಈಗ ಕಿತ್ತರೆ ಉಳಿದವು ಊದುತ್ತವಾ? ಮೂಲಂಗಿಯಲ್ಲಿ ಇಲ್ಲ ಅಂತಲೇ ಲೆಕ್ಕ. ಸೊಪ್ಪು ತಿಂದು ಮತ್ತೆ ಬಿತ್ತಿ.

ಅಂತರ ಸರಿಯಿದ್ದರೆ ಎರಡನೇ ಅನುಮಾನ ಸಾರಜನಕದ ಮೇಲೆ. ಹಿಂದಿನ ಬೆಳೆಗೆ ಯೂರಿಯಾನೋ ಕೋಳಿಗೊಬ್ಬರವೋ ಧಾರಾಳವಾಗಿ ಸುರಿದಿದ್ದಿರಾ? ಎಲೆ ಕಡುಹಸಿರಾಗಿ ದೊಡ್ಡದಾಗಿದ್ದರೆ ಅದೇ. ಮೂರನೆಯದು ನೆರಳು. ಎಲೆ ತೊಟ್ಟು ಉದ್ದವಾಗಿ, ಗಿಡ ಒಂದು ಕಡೆಗೆ ವಾಲಿದ್ದರೆ ಅದು ಬೆಳಕು ಹುಡುಕುತ್ತಿದೆ.

ಬೀಟ್‌ರೂಟಿನಲ್ಲಿ ಒಂದು ಮೋಸ ಇದೆ. ನಾವು ಬೀಜ ಅಂತ ಬಿತ್ತುವುದು ಬೀಜಗಳ ಗುಂಪು. ಹೆಚ್ಚಿನ ತಳಿಗಳಲ್ಲಿ ಒಂದು ಉಂಡೆಯಿಂದ ಎರಡು ಮೂರು ಸಸಿ ಏಳುತ್ತವೆ. ಅಂತರ ಕೊಟ್ಟು ಬಿತ್ತಿದೆನಲ್ಲ ಅಂತ ನೀವು ನಿಶ್ಚಿಂತೆಯಿಂದ ಇರುತ್ತೀರಿ, ಅವು ಮಣ್ಣಿನೊಳಗೆ ಜಗಳ ಆಡುತ್ತಿರುತ್ತವೆ. ಒಂದನ್ನು ಬಿಟ್ಟು ಉಳಿದದ್ದನ್ನು ಕತ್ತರಿಯಿಂದ ಕತ್ತರಿಸಿ. ಕಿತ್ತರೆ ಉಳಿಸಬೇಕಾದದ್ದರ ಬೇರೂ ಅಲುಗಾಡುತ್ತದೆ.

ಕ್ಯಾರೆಟ್ ಎರಡು ಕಾಲು ಬಿಟ್ಟಿದ್ದರೆ ಕಲ್ಲು, ಗಟ್ಟಿ ಮಣ್ಣು, ಇಲ್ಲವೇ ಹಸಿ ಸಗಣಿ ಗೊಬ್ಬರ. ಬೇರಿನ ಮೇಲೆ ಸಣ್ಣ ಗಂಟುಗಳೂ ಇದ್ದರೆ ಬೇರುಗಂಟು ಜಂತು ಇದೆ ಅಂತ ಅರ್ಥ. ಹೆಗಲು ಹಸಿರಾಗಿದ್ದರೆ ಬಿಸಿಲು ತಾಗಿದೆ, ಮಣ್ಣು ಏರಿಸಿ. ಬೀಟ್‌ರೂಟ್ ಒಳಗೆ ಕಪ್ಪು, ಗಟ್ಟಿ ಕಲೆ ಬಿದ್ದಿದ್ದರೆ ಬೋರಾನ್ ಅನ್ನುವ ಸೂಕ್ಷ್ಮ ಪೋಷಕಾಂಶದ ಕೊರತೆ. ಬೋರಾನ್ ಮಾತ್ರ ಕಣ್ಣಳತೆಯಲ್ಲಿ ಹಾಕಬೇಡಿ. ಬೇಕಾದದ್ದಕ್ಕೂ ವಿಷವಾಗುವುದಕ್ಕೂ ನಡುವೆ ಅಂತರ ತೀರಾ ಕಮ್ಮಿ. ಮಣ್ಣು ಪರೀಕ್ಷೆ ಮಾಡಿಸಿಯೇ ಹಾಕಿ.

ಹೂಕೋಸು, ಬ್ರೊಕೊಲಿ: ಹೂವಿನ ತಗಾದೆಗಳು

ಗುಂಡಿಯಷ್ಟೇ ಹೂ ಬಿಟ್ಟು ನಿಂತರೆ ಗಿಡ ಎಳವೆಯಲ್ಲಿ ಎಲ್ಲೋ ಹೆದರಿದೆ. ಹೂ ಕಟ್ಟುವ ಮೊದಲು ಸಾಕಷ್ಟು ದೊಡ್ಡ ಎಲೆಗಳು ಬಂದಿರಬೇಕು. ಆ ಹೊತ್ತಿನಲ್ಲಿ ಬೇರಿಗೆ ಜಾಗ ಸಾಲದಿದ್ದರೆ, ನೀರು ತಪ್ಪಿದರೆ, ಸಾರಜನಕ ಕಮ್ಮಿಯಾದರೆ, ಅಥವಾ ಸತತ ಚಳಿ ಹೊಡೆದರೆ ಗಿಡ ಬೆಳೆಯುವುದನ್ನು ಬಿಟ್ಟು ಹೂವಿಗೆ ಧಾವಿಸುತ್ತದೆ. ಪರೀಕ್ಷೆ ಹೀಗೆ: ಒಂದು ಗಿಡ ಬುಡಸಮೇತ ಕಿತ್ತು ಬೇರು ತೊಳೆಯಿರಿ. ಟ್ರೇಯ ಗುಳಿಯ ಆಕಾರದಲ್ಲೇ ಬೇರು ಸುತ್ತಿಕೊಂಡಿದ್ದರೆ ಸಸಿ ಟ್ರೇಯಲ್ಲಿ ಹೆಚ್ಚು ದಿನ ಕೂತಿತ್ತು. ನಾಲ್ಕರಿಂದ ಆರು ವಾರದ ಸಸಿ ನೆಡಬೇಕು, ಅದಕ್ಕಿಂತ ಮುದಿಯಾದದ್ದು ಬೇಡ. ಜಾಗ ಖಾಲಿ ಇಲ್ಲದಿದ್ದರೆ ದೊಡ್ಡ ಕುಂಡಕ್ಕೆ ಬದಲಿಸಿ ಕಾಯಿರಿ. ನಾನು ಮಾಡದೇ ಕೆಟ್ಟದ್ದು ಅದನ್ನೇ.

ಹೂ ದೊಡ್ಡದಾಗಿ, ಆದರೆ ಅಕ್ಕಿಕಾಳು ಹರಡಿದಂತೆ ತರಿತರಿಯಾಗಿದ್ದರೆ ಹೂ ಕಟ್ಟುವಾಗ ಸೆಕೆ ಹೆಚ್ಚಿತ್ತು, ಅಥವಾ ಕೊಯ್ಯುವುದು ತಡವಾಯಿತು. ಹಳದಿಯಾಗಿದ್ದರೆ ಬಿಸಿಲು ತಾಗಿದೆ. ಹೂ ಮೊಟ್ಟೆಯಷ್ಟಾದಾಗ ಹೊರಗಿನ ಎಲೆಗಳನ್ನು ಮೇಲಕ್ಕೆ ಮಡಚಿ ಸಡಿಲವಾಗಿ ಕಟ್ಟಬೇಕಿತ್ತು. ಹಳದಿ ಹೂವಿನ ರುಚಿ ಏನೂ ಕೆಡುವುದಿಲ್ಲ, ನೋಡಲು ಮಾತ್ರ ಚೆಂದವಿಲ್ಲ. ಕಾಂಡ ಟೊಳ್ಳಾಗಿ ಒಳಗೆ ಕಂದು ಬಣ್ಣ ಇದ್ದರೆ ಮತ್ತೆ ಬೋರಾನ್. ಟೊಳ್ಳು ಇದ್ದು ಬಣ್ಣ ಕೆಟ್ಟಿಲ್ಲವಾದರೆ ಗಿಡ ಅವಸರದಲ್ಲಿ ಬೆಳೆದಿದೆ ಅಷ್ಟೇ, ಚಿಂತೆ ಬೇಡ.

ಎಲೆಕೋಸು ಬಿರಿದರೆ ಒಣಗಿದ ಮಣ್ಣಿಗೆ ಒಮ್ಮೆಲೇ ನೀರು ಸಿಕ್ಕಿದೆ. ಬಲಿತ ಕೋಸು ಇನ್ನೂ ಸ್ವಲ್ಪ ದಿನ ಮಡಿಯಲ್ಲೇ ಇರಲಿ ಅನ್ನುವುದಾದರೆ, ಗಡ್ಡೆಯನ್ನು ಎರಡೂ ಕೈಯಲ್ಲಿ ಹಿಡಿದು ಅರ್ಧ ಸುತ್ತು ತಿರುಗಿಸಿ. ಕೆಲವು ಬೇರು ಹರಿದು ನೀರೆಳೆಯುವುದು ಕಮ್ಮಿಯಾಗುತ್ತದೆ, ಬಿರಿಯುವುದು ನಿಲ್ಲುತ್ತದೆ.

ಎಲೆಯಲ್ಲಿ ತೂತು

ತೂತಿನ ಆಕಾರವೇ ಕಳ್ಳನ ಹೆಸರು ಹೇಳುತ್ತದೆ. ಗುಂಡುಸೂಜಿ ಚುಚ್ಚಿದಂತೆ ನೂರಾರು ಸಣ್ಣ ತೂತುಗಳಿದ್ದು, ಕೈ ಹತ್ತಿರ ತಂದರೆ ಚಿಗಟದಂತೆ ಏನೋ ಎಗರಿದರೆ ಅದು ಸಣ್ಣ ಕಪ್ಪು ಜೀರುಂಡೆ. ದೊಡ್ಡ ಗಿಡ ಇದನ್ನು ತಡೆದುಕೊಳ್ಳುತ್ತದೆ, ಎರಡೆಲೆಯ ಸಸಿ ಸಾಯುತ್ತದೆ. ನೆಟ್ಟ ದಿನವೇ ತೆಳು ಬಲೆ ಮುಚ್ಚುವುದೊಂದೇ ನಾನು ಕಂಡ ಗಟ್ಟಿ ದಾರಿ.

ದೊಡ್ಡ ತೂತು, ಎಲೆಯ ಕಂಕುಳಲ್ಲಿ ಹಸಿರು ಹಿಕ್ಕೆ, ತೋಟದಲ್ಲಿ ಹಗಲು ಬಿಳಿ ಚಿಟ್ಟೆ ಹಾರಾಟ. ಇದು ಕೋಸಿನ ಬಿಳಿ ಚಿಟ್ಟೆಯ ಮರಿ. ಬಣ್ಣ ಎಲೆಯದ್ದೇ ಆದ್ದರಿಂದ ಕಾಣುವುದು ಕಷ್ಟ, ನಡುನರದ ಉದ್ದಕ್ಕೆ ಹುಡುಕಿ. ಎಲೆಯ ಅಡಿಭಾಗ ಮಾತ್ರ ಕೆರೆದು ಮೇಲಿನ ತೆಳು ಪೊರೆಯನ್ನು ಗಾಜಿನ ಕಿಟಕಿಯಂತೆ ಉಳಿಸಿದ್ದರೆ ಡೈಮಂಡ್‌ಬ್ಯಾಕ್ ಪತಂಗದ ಹುಳ. ಮುಟ್ಟಿದರೆ ಒದ್ದಾಡಿ ನೂಲು ಬಿಟ್ಟು ಜೋತಾಡುತ್ತದೆ. ಎರಡಕ್ಕೂ ಬಿಟಿ ಅಂತ ಕರೆಯುವ ಬ್ಯಾಸಿಲಸ್ ಥುರಿಂಜಿಯೆನ್ಸಿಸ್ ಬ್ಯಾಕ್ಟೀರಿಯಾದ ಪುಡಿ ನಾಟುತ್ತದೆ. ಆದರೆ ಹುಳ ಅದನ್ನು ತಿನ್ನಬೇಕು, ಹುಳ ಎಳೆಯದಿರಬೇಕು. ಬಿಸಿಲಿಗೆ ಅದರ ಶಕ್ತಿ ಬೇಗ ಇಳಿಯುತ್ತದೆ, ಹಾಗಾಗಿ ಸಂಜೆ ಹೊಡೆಯಿರಿ, ಎಲೆಯ ಅಡಿಗೂ ತಾಗಲಿ. ಬೆಳಗ್ಗೆ ಹತ್ತಕ್ಕೆ ಹೊಡೆದು ಔಷಧಿ ಕೆಲಸ ಮಾಡಲಿಲ್ಲ ಅನ್ನುವವರು ಬಹಳ. ಹೇನಿಗೂ ಜೀರುಂಡೆಗೂ ಇದೇ ಪುಡಿ ಹೊಡೆಯಬೇಡಿ, ದುಡ್ಡು ದಂಡ.

ಅಂಕುಡೊಂಕು ತೂತು, ಬೆಳಗ್ಗೆ ಹೊಳೆಯುವ ಅಂಟಿನ ಜಾಡು: ಚಿಪ್ಪಿಲ್ಲದ ಬಸವನ ಹುಳು. ರಾತ್ರಿ ಟಾರ್ಚ್ ಹಿಡಿದು ಹೋದರೆ ಕೈಗೇ ಸಿಗುತ್ತದೆ. ಸಂಜೆ ಒಂದು ಒದ್ದೆ ಹಲಗೆ ಮಡಿಯ ಪಕ್ಕ ಮಲಗಿಸಿ, ಬೆಳಗ್ಗೆ ಎತ್ತಿ ಹೆಕ್ಕಿ.

ಪಾಲಕ್, ಬೀಟ್‌ರೂಟ್ ಎಲೆಯಲ್ಲಿ ತೂತಿಲ್ಲದೆ ಬಿಳಿ ಗೆರೆ, ಬಿಳಿ ಚಕ್ಕೆ ಬಿದ್ದಿದ್ದರೆ ರಂಗೋಲಿ ಹುಳು. ಅದು ಎಲೆಯ ಎರಡು ಪದರದ ನಡುವೆ ಕೂತಿದೆ, ಮೇಲೆ ಹೊಡೆದದ್ದು ತಾಗುವುದು ಕಷ್ಟ. ಆ ಎಲೆ ಕಿತ್ತು ತೋಟದಿಂದ ಆಚೆ ಹಾಕಿ.

ಎಲೆ ಮುದುಡಿ, ಅಡಿಯಲ್ಲಿ ಬೂದಿ ಮೆತ್ತಿದಂತೆ ಗುಂಪುಗಟ್ಟಿದ್ದರೆ ಕೋಸಿನ ಹೇನು. ಮೊದಲ ವಾರದಲ್ಲಿ ಕಂಡರೆ ನೀರಿನ ರಭಸಕ್ಕೇ ಹೋಗುತ್ತದೆ. ಸುಳಿಯೊಳಗೆ ಇಳಿದ ಮೇಲೆ ಆ ಗಿಡದ ಆಸೆ ಬಿಡುವುದೇ ಮೇಲು.

ಮಧ್ಯಾಹ್ನ ಬಾಡುತ್ತದೆ, ಸಂಜೆ ಎದ್ದು ಕೂರುತ್ತದೆ

ಸೆಕೆಯ ದಿನದಲ್ಲಿ ದೊಡ್ಡೆಲೆಯ ಗಿಡ ಹೀಗೆ ಮಾಡಿದರೆ ತಪ್ಪಲ್ಲ. ತಂಪು ದಿನದಲ್ಲೂ, ಮಣ್ಣು ಒದ್ದೆ ಇದ್ದೂ ಬಾಡಿದರೆ ತೊಂದರೆ ಬೇರಿನಲ್ಲಿದೆ. ಇಲ್ಲಿ ಎಲ್ಲರೂ ಮಾಡುವ ತಪ್ಪು ಇನ್ನಷ್ಟು ನೀರು ಸುರಿಯುವುದು. ಸೆಕೆಗಾಲದ ಲೆಕ್ಕದಲ್ಲೇ ದಿನಾ ನೀರು ಹಾಕುತ್ತಿದ್ದರೆ ಬೇರು ಉಸಿರುಕಟ್ಟಿ ಕೊಳೆತಿರಬಹುದು. ಒಂದು ಗಿಡ ಕಿತ್ತು ಮೂಸಿ ನೋಡಿ. ಬೇರು ಕಂದಾಗಿ, ಮೆತ್ತಗಾಗಿ, ವಾಸನೆ ಬಂದರೆ ಅದೇ.

ಕೋಸಿನ ಬೇರು ಗೆಣಸಿನಂತೆ ಊದಿ ವಿಕಾರವಾಗಿದ್ದರೆ ಅದು ಕ್ಲಬ್‌ರೂಟ್ ರೋಗ. ಇದಕ್ಕೆ ಈ ವರ್ಷ ಮದ್ದಿಲ್ಲ. ಹುಳಿ ಮಣ್ಣಿನಲ್ಲಿ ಇದರ ಹಾವಳಿ ಜಾಸ್ತಿ. ಸುಣ್ಣ ಹಾಕಿ ಮಣ್ಣಿನ ಪಿಎಚ್ (ಹುಳಿ-ಕ್ಷಾರದ ಅಳತೆ) 7.2ರ ಮೇಲಕ್ಕೆ ಏರಿಸಿದರೆ ಹತೋಟಿಗೆ ಬರುತ್ತದೆ. ಇದರ ಬೀಜಕಣಗಳು ಮಣ್ಣಿನಲ್ಲಿ ಹತ್ತು ವರ್ಷಕ್ಕೂ ಮಿಕ್ಕಿ ಬದುಕುತ್ತವೆ, ಆದ್ದರಿಂದ ಆ ಬೇರು ಕಾಂಪೋಸ್ಟ್ ಗುಂಡಿಗೆ ಹೋಗಬಾರದು. ಆ ಮಡಿಯಲ್ಲಿ ಆಡಿದ ಗುದ್ದಲಿಯನ್ನೂ ತೊಳೆಯಿರಿ.

ಬಣ್ಣ ಬದಲಾಯಿತು

ಹಳೇ ಎಲೆ ಪೂರ್ತಿ ಹಳದಿಯಾದರೆ ಸಾರಜನಕ ಸಾಲದು. ಮಣ್ಣಿಗೆ ಕಾಂಪೋಸ್ಟ್ ಹಾಕಿದ್ದೀನಲ್ಲ ಅಂತೀರಾ? ಮಣ್ಣು ತಣ್ಣಗಾದಂತೆ ಅದರೊಳಗಿನ ಜೀವಾಣುಗಳ ಕೆಲಸ ನಿಧಾನವಾಗುತ್ತದೆ, ಗೊಬ್ಬರ ಇದ್ದೂ ಗಿಡದ ಬಾಯಿಗೆ ಬರುವುದಿಲ್ಲ. ನೀರಿನಲ್ಲಿ ಕರಗುವ ಗೊಬ್ಬರ ಸ್ವಲ್ಪ ಕೊಟ್ಟು ನೋಡಿ. ಎಳೆಯ ಸಸಿಯ ಎಲೆ ನೇರಳೆಗೆ ತಿರುಗಿದರೂ ಹೆಚ್ಚಾಗಿ ಕಾರಣ ತಣ್ಣನೆಯ ಮಣ್ಣೇ. ರಂಜಕ ಮಣ್ಣಿನಲ್ಲಿದೆ, ಬೇರಿಗೆ ಎಳೆಯಲು ಆಗುತ್ತಿಲ್ಲ. ನಾಲ್ಕು ಬೆಚ್ಚಗಿನ ದಿನ ಬಂದರೆ ತಾನೇ ಸರಿಹೋಗುತ್ತದೆ.

ಹೆದರಬೇಕಾದ ಹಳದಿ ಒಂದಿದೆ. ಕೋಸಿನ ಎಲೆಯ ಅಂಚಿನಿಂದ ಒಳಕ್ಕೆ ಮೂರುಮೂಲೆಯ ಹಳದಿ ಮಚ್ಚೆ ಇಳಿದು, ಅದರ ನರಗಳು ಕಪ್ಪಾಗಿದ್ದರೆ ಕಪ್ಪು ಕೊಳೆ ರೋಗ. ಬ್ಯಾಕ್ಟೀರಿಯಾದಿಂದ ಬರುವುದು, ಬೀಜದಲ್ಲೇ ಬಂದಿರುವ ಸಾಧ್ಯತೆ ಜಾಸ್ತಿ. ಎಂದರೆ ಹುಡುಕಬೇಕಾದದ್ದು ಬಿತ್ತುವ ಮುಂಚಿನ ದಿನಕ್ಕೆ ಹೋಗಿ. ಗಿಡ ಕಿತ್ತು ಹಾಕಿ, ಒದ್ದೆ ಎಲೆಗಳ ನಡುವೆ ಓಡಾಡಬೇಡಿ, ಆ ಮಡಿಗೆ ಎರಡು ಮೂರು ವರ್ಷ ಕೋಸಿನ ಜಾತಿ ಬೇಡ. ಮುಂದಿನ ಸಲ ಬೀಜವನ್ನು 50 ಡಿಗ್ರಿ ಬಿಸಿನೀರಿನಲ್ಲಿ ನೆನೆಸಿ ಬಿತ್ತಿ. ಎಲೆಕೋಸಿಗೆ 25 ನಿಮಿಷ, ಹೂಕೋಸು ಬ್ರೊಕೊಲಿಗೆ 20. ಥರ್ಮಾಮೀಟರ್ ಇಲ್ಲದೆ ಅಂದಾಜಿನಲ್ಲಿ ಮಾಡಿದರೆ ಬೀಜ ಬೆಂದುಹೋಗುತ್ತದೆ.

ಎಲೆಯ ಮೇಲೆ ಹಳದಿ ಮಚ್ಚೆ, ಅದರ ನೇರ ಕೆಳಗೆ ಬೂದು ಬಣ್ಣದ ಬೂಜು: ಬೂಜು ತುಪ್ಪಟ ರೋಗ. ತಂಪು, ತೇವ ಎರಡೂ ಸೇರಿದಾಗ ಬರುತ್ತದೆ. ಬೆಳಗ್ಗೆ ನೀರು ಹಾಕಿ, ಬುಡಕ್ಕೆ ಮಾತ್ರ ಹಾಕಿ.

ರೋಗವಿಲ್ಲ, ಹುಳವಿಲ್ಲ, ಬೆಳೆಯುವುದೂ ಇಲ್ಲ

ನನ್ನನ್ನು ಜನ ಹೆಚ್ಚು ಕೇಳುವುದು ಇದನ್ನೇ. ಗಿಡ ಹಸಿರಾಗಿದೆ, ಆರೋಗ್ಯವಾಗಿದೆ, ಮೂರು ವಾರದಿಂದ ಒಂದೆಲೆ ಹೆಚ್ಚಾಗಿಲ್ಲ. ಗೊಬ್ಬರ ಹಾಕಲಾ? ಬೇಡ. ಮೊದಲು ಸೂರ್ಯ ಹುಟ್ಟುವ, ಮುಳುಗುವ ಹೊತ್ತು ನೋಡಿ. ಹಗಲು 10 ಗಂಟೆಗಿಂತ ಕಮ್ಮಿಯಾದರೆ ಹೆಚ್ಚಿನ ತರಕಾರಿ ಗಿಡಗಳ ಬೆಳವಣಿಗೆ ಬಹುಮಟ್ಟಿಗೆ ನಿಂತುಹೋಗುತ್ತದೆ. ಸಮಭಾಜಕ ವೃತ್ತಕ್ಕೆ ಹತ್ತಿರದ ಕಡೆ ಹಗಲು ಅಷ್ಟು ಕುಗ್ಗುವುದೇ ಇಲ್ಲ, ಅಲ್ಲಿನವರು ಈ ಕಾರಣ ಬಿಟ್ಟು ನೆರಳು ಹುಡುಕಲಿ. ದೂರದ ಕಡೆ ವಾರಗಟ್ಟಲೆ ಹೀಗೇ ಇರುತ್ತದೆ. ಹಗಲು ಅಷ್ಟು ಕುಗ್ಗುವ ಹೊತ್ತಿಗೆ ಗಿಡ ಮುಕ್ಕಾಲು ಪಾಲು ಬೆಳೆದಿದ್ದರೆ, ಆಮೇಲೆ ಅದು ಜೀವಂತ ಉಗ್ರಾಣದಂತೆ ನಿಂತಿರುತ್ತದೆ, ಬೇಕಾದಾಗ ಕೊಯ್ಯಬಹುದು. ಅರ್ಧ ಬೆಳೆದಿದ್ದರೆ ಅರ್ಧದಲ್ಲೇ ನಿಂತಿರುತ್ತದೆ.

ತಪ್ಪು ಎಲ್ಲಾಯಿತು? ಪೊಟ್ಟಣದ ಮೇಲಿನ ದಿನಗಳ ಲೆಕ್ಕದಲ್ಲಿ. ಅದು ಒಳ್ಳೇ ಬೆಳಕಿನ ಕಾಲದ ಲೆಕ್ಕ. ಈ ಕಾಲಕ್ಕೆ ಕನಿಷ್ಠ 14 ದಿನ ಸೇರಿಸಬೇಕು. ಬೀಟ್‌ರೂಟಿಗೆ 55 ದಿನ ಅಂತ ಬರೆದಿದೆ, ನಿಮ್ಮಲ್ಲಿ ಮೊದಲ ಹಿಮ ನವೆಂಬರ್ 10ರ ಸುಮಾರಿಗೆ ಬೀಳುತ್ತದೆ ಅಂತಿಟ್ಟುಕೊಳ್ಳಿ. 55ಕ್ಕೆ 14 ಸೇರಿಸಿದರೆ 69. ನವೆಂಬರ್ 10ರಿಂದ 69 ದಿನ ಹಿಂದಕ್ಕೆ ಎಣಿಸಿದರೆ ಸೆಪ್ಟೆಂಬರ್ 2. ಸೆಪ್ಟೆಂಬರ್ 25ಕ್ಕೆ ಬಿತ್ತಿ, ಗೊಬ್ಬರ ಸಾಲದು ಅಂದರೆ ಮಣ್ಣು ಏನು ಮಾಡೀತು? ಕೋಸು, ಬ್ರೊಕೊಲಿಯ ಪೊಟ್ಟಣದಲ್ಲಿರುವ ದಿನಗಳನ್ನು ಸಾಮಾನ್ಯವಾಗಿ ಸಸಿ ನೆಟ್ಟ ದಿನದಿಂದ ಎಣಿಸುತ್ತಾರೆ. ಟ್ರೇಯಲ್ಲಿ ಕಳೆದ ನಾಲ್ಕೈದು ವಾರ ಅದಕ್ಕೆ ಸೇರಿಸಿಕೊಳ್ಳಬೇಕು.

ಇನ್ನು ನೆರಳು. ಬಿತ್ತುವಾಗ ಬಿಸಿಲಿದ್ದ ಜಾಗದಲ್ಲಿ ಈಗಲೂ ಬಿಸಿಲಿದೆ ಅಂತ ನಂಬಬೇಡಿ. ಸೂರ್ಯ 60 ಡಿಗ್ರಿ ಎತ್ತರದಲ್ಲಿದ್ದಾಗ 2 ಮೀಟರ್ ಗೋಡೆಯ ನೆರಳು ಒಂದು ಮೀಟರ್ ಚಿಲ್ಲರೆ ಬೀಳುತ್ತದೆ. 30 ಡಿಗ್ರಿಗೆ ಇಳಿದಾಗ ಅದೇ ಗೋಡೆಯ ನೆರಳು ಸುಮಾರು ಮೂರೂವರೆ ಮೀಟರ್. ರಜೆಯ ದಿನ ಗಂಟೆಗೊಮ್ಮೆ ಹೋಗಿ ನೆರಳಿನ ಅಂಚಿಗೆ ಒಂದು ಕಡ್ಡಿ ಚುಚ್ಚಿ ಬನ್ನಿ. ಸಂಜೆ ಕಡ್ಡಿಗಳನ್ನು ನೋಡಿದರೆ ಮುಂದಿನ ವರ್ಷದ ಮಡಿ ಎಲ್ಲಿರಬೇಕು ಅಂತ ಅವೇ ತೋರಿಸುತ್ತವೆ. ನೇರ ಬಿಸಿಲು ನಾಲ್ಕು ಗಂಟೆಯೂ ಇಲ್ಲದ ಕಡೆ ಗೆಡ್ಡೆಯ ಆಸೆ ಬೇಡ, ಸೊಪ್ಪು ಬೆಳೆಯಿರಿ.

ಹಿಮ ಬಿದ್ದ ಬೆಳಗ್ಗೆ

ಎಲೆ ಗಾಜಿನಂತೆ ಬಿರುಸಾಗಿ, ಬಿಳಿ ಪುಡಿ ಉದುರಿದಂತಿದ್ದರೆ ಮುಟ್ಟಬೇಡಿ. ಹೆಪ್ಪುಗಟ್ಟಿದ ಎಲೆ ಮುಟ್ಟಿದರೆ ಒಳಗೇ ಮುರಿಯುತ್ತದೆ. ಬಿಸಿಲು ಬಂದು ಕರಗುವವರೆಗೆ ಕಾಯಿರಿ, ಹತ್ತು ಹನ್ನೊಂದು ಗಂಟೆಗೆ ತೀರ್ಮಾನ ಮಾಡಿ. ಪಾಲಕ್, ಎಲೆಕೋಸು, ಕೇಲ್, ಕ್ಯಾರೆಟ್ ಸೊಪ್ಪು ಸೆಟೆದು ನಿಂತರೆ ಏನೂ ಆಗಿಲ್ಲ. ಚಳಿಗೆ ಇವು ತಮ್ಮ ಪಿಷ್ಟವನ್ನು ಸಕ್ಕರೆ ಮಾಡಿಕೊಳ್ಳುತ್ತವೆ, ರುಚಿಯೂ ಹೆಚ್ಚುತ್ತದೆ. ಎಲೆ ಬೇಯಿಸಿದಂತೆ ಕಪ್ಪಾಗಿ, ನೀರೊಡೆದು ಜೋತುಬಿದ್ದರೆ ಆ ಭಾಗ ಹೋಯಿತು. ಹುರುಳಿಕಾಯಿ, ಸೌತೆ, ಟೊಮೆಟೊ, ಬದನೆ ಒಂದೇ ರಾತ್ರಿಗೆ ಹೀಗಾಗುತ್ತವೆ. ಅವುಗಳ ಬುಡದಿಂದ ಚಿಗುರು ಬರಲಿ ಅಂತ ಕಾಯುವುದರಲ್ಲಿ ಅರ್ಥವಿಲ್ಲ. ಟೊಮೆಟೊದಲ್ಲಿ ಬಣ್ಣ ತಿರುಗಲು ಶುರುವಾಗಿದ್ದ ಕಾಯಿಗಳನ್ನು ಹಿಂದಿನ ದಿನವೇ ಕಿತ್ತು ಒಳಗಿಟ್ಟಿದ್ದರೆ ಹಣ್ಣಾಗುತ್ತಿದ್ದವು. ಒಂದು ಬಾಳೆಹಣ್ಣಿನ ಜೊತೆ ಇಟ್ಟರೆ ಇನ್ನೂ ಬೇಗ.

ಹೊದಿಸಿದ್ದೆ, ಆದರೂ ಸತ್ತಿತು ಅನ್ನುವವರು ಎರಡು ವಿಷಯ ಪರೀಕ್ಷಿಸಿ. ಹೊದಿಸಿದ್ದು ಪ್ಲಾಸ್ಟಿಕ್ಕಾ, ಅದು ಎಲೆಗೆ ತಾಗುತ್ತಿತ್ತಾ? ತಾಗಿದ ಕಡೆ ಚಳಿ ನೇರ ಎಲೆಗಿಳಿಯುತ್ತದೆ. ಬಟ್ಟೆ ಮೇಲು, ಅದೂ ಬಾಗಿದ ಕಂಬಿಯ ಮೇಲೆ ನಿಲ್ಲುವಂತಿರಲಿ. ಎರಡನೆಯದು, ಹೊದಿಕೆ ನೆಲದವರೆಗೆ ಇಳಿದಿತ್ತಾ? ಗಿಡವನ್ನು ಬೆಚ್ಚಗಿಡುವುದು ಬಟ್ಟೆಯಲ್ಲ, ಹಗಲು ಬಿಸಿಲು ಕುಡಿದ ಮಣ್ಣು. ಬಟ್ಟೆ ಆ ಬಿಸಿ ಓಡಿಹೋಗದಂತೆ ತಡೆಯುತ್ತದೆ ಅಷ್ಟೇ. ಕೊಡೆಯಂತೆ ಮೇಲೆ ಮಾತ್ರ ಕಟ್ಟಿದರೆ ಪಕ್ಕದಿಂದ ಎಲ್ಲ ಹೋಗುತ್ತದೆ. ಒದ್ದೆ ಮಣ್ಣು ಒಣಮಣ್ಣಿಗಿಂತ ಹೆಚ್ಚು ಬಿಸಿ ಹಿಡಿದಿಡುತ್ತದೆ, ಹಿಮ ಬೀಳುವ ಸೂಚನೆ ಇದ್ದರೆ ಹಿಂದಿನ ಮಧ್ಯಾಹ್ನವೇ ಬುಡಕ್ಕೆ ನೀರು ಕೊಡಿ. ಬೆಳಗ್ಗೆ ಬಿಸಿಲೇರಿದ ಮೇಲೆ ಹೊದಿಕೆ ತೆಗೆಯಲು ಮರೆಯಬೇಡಿ. ಹಾಗೇ ಬಿಟ್ಟರೆ ಮಧ್ಯಾಹ್ನದ ಹೊತ್ತಿಗೆ ಒಳಗೆ ಪಾಲಕ್ ಬೆವರುತ್ತಿರುತ್ತದೆ, ವಾರ ಕಳೆಯುವುದರೊಳಗೆ ಬೂಜು ತುಪ್ಪಟ ಕಾಣಿಸುತ್ತದೆ.